ಹೆಪ್ಪು ನಮ್ಮದು, ಬೂಷ್ಟು ಯಾರದು?

ಬ್ಯಾಕ್ಟೀರಿಯಾ, ಯೀಸ್ಟ್, ಬೂಷ್ಟು, ಪ್ರೋಟೋಜೋವಾ, ಬಗೆಬಗೆಯ ಸೂಕ್ಷ್ಮ ಪಾಚಿ ಇವೆಲ್ಲವನ್ನೂ ಒಟ್ಟಾಗಿ ಸೂಕ್ಷ್ಮಜೀವಿಗಳು ಎನ್ನುತ್ತಾರೆ. ಸಾಮಾನ್ಯ ಗಾತ್ರದ ಬ್ಯಾಕ್ಟೀರಿಯಾಗಳನ್ನು ಸಾಲು ಹಿಡಿಸಿದರೆ ಒಂದು ಮಿಲಿಮೀಟರಿನೊಳಗೆ ಐನೂರರಿಂದ ಸಾವಿರ ನಿಲ್ಲುತ್ತವೆ. ಹೊಲ, ಅಡುಗೆಮನೆ, ಕುರಿಹಟ್ಟಿ, ಕಾರ್ಖಾನೆ ಎಲ್ಲ ಕಡೆಯೂ ಅವುಗಳ ಕೆಲಸ ನಡೆದೇ ಇರುತ್ತದೆ. ಆ ಕೆಲಸದ ಹಿರಿಮೆ ಯಾರಿಗೆ ಸಲ್ಲಬೇಕು, ಅದು ಕೆಟ್ಟಾಗ ಹೊಣೆ ಯಾರದು ಎಂಬುದು ಈ ಸಂವಾದದ ವಿಷಯ. ಮಾತನಾಡುವವರು ಜಗಳೂರು ತಾಲ್ಲೂಕು ಬಿಳಿಚೋಡಿನ ಒಬ್ಬ ನಿವೃತ್ತ ವಿಜ್ಞಾನ ಮೇಷ್ಟ್ರು ಮತ್ತು ಶೇಂಗಾ, ಮೆಕ್ಕೆಜೋಳ ಬೆಳೆದು ಕುರಿ ಸಾಕುವ ಅವರ ಹಳೆಯ ವಿದ್ಯಾರ್ಥಿ. ನಡುನಡುವೆ ಅವನ ಹೆಂಡತಿ.

ರೈತ: ಮೊಸರು ಮಾಡುವವರು ಯಾರು ಅಂತ ಕೇಳಿದರೆ ಏನು ಹೇಳೋದು ಮೇಷ್ಟ್ರೇ? ನಮ್ಮ ಮನೆಯಾಕೆ ಮಾಡ್ತಾಳೆ.

ಮೇಷ್ಟ್ರು: ಹಾಲು ಕಾಯಿಸೋದು, ಆರಿಸೋದು, ಹೆಪ್ಪು ಹಾಕಿ ಮುಚ್ಚಿಡೋದು ಇಷ್ಟು ಈ ತಂಗಿಯ ಕೆಲಸ. ಹಾಲು ಮೊಸರಾಗುವ ಹೊತ್ತಿಗೆ ಮನೆಮಂದಿಯೆಲ್ಲ ನಿದ್ದೆಯಲ್ಲಿರುತ್ತಾರೆ. ಹೆಪ್ಪಿನ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ. ಹಾಲಿನ ಪಿಎಚ್ 6.6ರ ಆಸುಪಾಸಿನಿಂದ ಇಳಿಯುತ್ತ 4.6ರ ಹತ್ತಿರ ಬಂದಾಗ ಕೇಸಿನ್ ಎಂಬ ಪ್ರೋಟೀನು ಗಟ್ಟಿಯಾಗುತ್ತದೆ. ಅದೇ ಮೊಸರು.

ಮನೆಯಾಕೆ: ಹಾಲು ಬಿಸಿ ಇದ್ದಾಗ ಹಾಕಿದರೆ ಒಡೆದು ನೀರಾಗುತ್ತೆ. ಪೂರ್ತಿ ತಣ್ಣಗಾದ ಮೇಲೆ ಹಾಕಿದರೆ ಬೆಳಿಗ್ಗೆಗೂ ಹಾಲೇ. ಬೆರಳು ಅದ್ದಿ ನೋಡಿ ಹಾಕ್ತೀನಿ. ಅದು ಕೆಲಸ ಅಲ್ವಾ?

ಮೇಷ್ಟ್ರು: ಕೆಲಸವೇ. ಅದಕ್ಕೇ ಕೇಳಿದ್ದು. ಮನುಷ್ಯ ಇಲ್ಲಿ ಮಾಡುವುದು ಜಾಗ, ಹದ, ಹೊತ್ತು ಈ ಮೂರನ್ನು ಹೊಂದಿಸುವುದು. ದೋಸೆ ಹಿಟ್ಟಿನಲ್ಲಂತೂ ಹೆಪ್ಪೂ ಬೇಕಿಲ್ಲ. ದಾವಣಗೆರೆಯ ಬೆಣ್ಣೆ ದೋಸೆಗೆ ಅಕ್ಕಿ, ಉದ್ದು, ಮಂಡಕ್ಕಿ ರುಬ್ಬಿ ರಾತ್ರಿಯಿಡೀ ಬಿಡುತ್ತಾರೆ. ಉದ್ದಿನ ಬೇಳೆಯ ಮೇಲೆ ಮೊದಲೇ ಕುಳಿತಿರುವ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ ಹುಳಿಯನ್ನೂ ಗಾಳಿಯನ್ನೂ ಉಂಟುಮಾಡುತ್ತದೆ. ಉದ್ದಿನ ಲೋಳೆ ಆ ಗಾಳಿಯನ್ನು ಹಿಡಿದಿಟ್ಟುಕೊಂಡಾಗ ಹಿಟ್ಟು ಉಬ್ಬುತ್ತದೆ. ಇದು ಇವತ್ತಿನ ವಿದ್ಯೆಯಲ್ಲ. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರಿದೆ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ಬರೆದ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬುವ ಕ್ರಮವಿದೆ. ಮಜ್ಜಿಗೆಯಲ್ಲಿ ನೆನೆಸುವುದೆಂದರೆ ಹೆಸರು ಗೊತ್ತಿಲ್ಲದೆ ಬ್ಯಾಕ್ಟೀರಿಯಾವನ್ನು ಕೆಲಸಕ್ಕೆ ಹಚ್ಚುವುದೇ.

ರೈತ: ವಡ್ಡಾರಾಧನೆ ಜೈನರದ್ದಲ್ವಾ? ಜೀವ ಅಂದಮೇಲೆ ಹಾಲು ಕಾಯಿಸಿದರೂ ಹಿಂಸೆ ಆಯಿತಲ್ಲ?

ಇಲ್ಲಿ ಮಾತು ದಾರಿ ಬಿಟ್ಟಿತು. ಜೈನ ತತ್ತ್ವದಲ್ಲಿ ನಿಗೋದ ಎಂಬ ಅತಿ ಸೂಕ್ಷ್ಮ ಜೀವಗಳ ಕಲ್ಪನೆಯಿದೆ, ಲೆಕ್ಕವಿಲ್ಲದಷ್ಟು ಜೀವಗಳು ಒಂದೇ ದೇಹವನ್ನು ಹಂಚಿಕೊಂಡಿರುತ್ತವೆ, ನೀರು ಸೋಸುವುದು, ಇರುಳೂಟ ಬಿಡುವುದು ಮುಂತಾದ ಆಚಾರಗಳ ಹಿಂದೆ ಸಣ್ಣ ಜೀವಗಳ ಬಗೆಗಿನ ಈ ಎಚ್ಚರವಿದೆ ಎಂದು ಮೇಷ್ಟ್ರು ಉತ್ಸಾಹದಿಂದ ವಿವರಿಸಿದರು. ಡೆಲ್ಫ್ಟ್ ನಗರದ ಲೇವೆನ್‌ಹುಕ್ 1670ರ ದಶಕದಲ್ಲಿ ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ಈ ಜೀವಿಗಳನ್ನು ಕಂಡ ಸಂಗತಿಯೂ ಬಂತು. ನಿಗೋದವೂ ಬ್ಯಾಕ್ಟೀರಿಯಾವೂ ಒಂದೇ ಎನ್ನುವ ಹುಮ್ಮಸ್ಸಿಗೆ ಮಾತ್ರ ಅವರು ಹೋಗಲಿಲ್ಲ. ಒಂದು ಜೀವದ ವಿಚಾರ, ಇನ್ನೊಂದು ಕಂಡು ಎಣಿಸಿದ ವಸ್ತು. ಹಾಲು ಕಾಯಿಸುವುದು ಹಿಂಸೆಯೋ ಅಲ್ಲವೋ ಎಂಬುದು ಅಲ್ಲಿಗೇ ನಿಂತಿತು.

ಮನೆಯಾಕೆ: ಮೊಸರು, ದೋಸೆ ಆಯ್ತು. ನಮ್ಮ ಹೊಲದ ಶೇಂಗಾದಲ್ಲಿ ಇವುಗಳ ಕೆಲಸ ಏನು?

ಮೇಷ್ಟ್ರು: ಬರೋಣ. ನಲವತ್ತು ದಿನದ ಶೇಂಗಾ ಗಿಡವನ್ನು ಬೇರು ಹರಿಯದಂತೆ ಕಿತ್ತು ನೀರಲ್ಲಿ ಅಲುಗಾಡಿಸಿ. ಬೇರಿನ ಕವಲುಗಳಲ್ಲಿ ರಾಗಿಕಾಳಿನಷ್ಟು ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ಕೆಂಪಗಿದ್ದು ಉಗುರಿಗೆ ಬಣ್ಣ ಹತ್ತಬೇಕು. ಬೆಳ್ಳಗೋ ಹಸಿರಾಗಿಯೋ ಇದ್ದರೆ ಆ ಗಂಟು ದುಡಿಯುತ್ತಿಲ್ಲ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದ್ದರೂ ಗಿಡಕ್ಕೆ ಅದನ್ನು ಹಾಗೇ ಹೀರಲು ಬರುವುದಿಲ್ಲ. ಬೇರು ಕವಲೊಡೆಯುವ ಸಂದಿಯಲ್ಲಿ ನುಸುಳಿ ಗಂಟಿನಲ್ಲಿ ನೆಲೆಸುವ ರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಾ ಅದನ್ನು ಅಮೋನಿಯಾ ಮಾಡಿಕೊಡುತ್ತದೆ, ಬದಲಿಗೆ ಗಿಡದಿಂದ ಸಕ್ಕರೆ ಪಡೆಯುತ್ತದೆ. ಈ ಕೆಲಸ ಮಾಡುವ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಅದು ಕೆಡುತ್ತದೆ, ಬ್ಯಾಕ್ಟೀರಿಯಾಕ್ಕೆ ಉಸಿರಾಡಲು ಆಮ್ಲಜನಕವೇ ಬೇಕು. ಎರಡನ್ನೂ ಸರಿದೂಗಿಸಿ ಅಳತೆಯಲ್ಲಿ ಹಂಚುವುದು ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಸಂಬಂಧಿಯಾದ ಆ ಕೆಂಪು ವಸ್ತು. ಯೂರಿಯಾಕ್ಕೆ ಬೇಕಾದ ಅಮೋನಿಯಾವನ್ನು ಕಾರ್ಖಾನೆಯಲ್ಲಿ ಮಾಡಲು 400 ಡಿಗ್ರಿ ದಾಟಿದ ಶಾಖ, ಗಾಳಿಯ ಒತ್ತಡದ ನೂರೈವತ್ತು ಇನ್ನೂರು ಪಟ್ಟು ಒತ್ತಡ ಬೇಕು. ಜರ್ಮನಿಯ ಒಪ್ಪಾವಿನಲ್ಲಿ ಅಂಥ ಮೊದಲ ಕಾರ್ಖಾನೆ ಶುರುವಾದದ್ದು 1913ರಲ್ಲಿ. ಈ ಸೀಮೆಯ ಕೆಮ್ಮಣ್ಣಿನಲ್ಲಿ ಅದೇ ಕೆಲಸ ಮಣ್ಣಿನ ಬಿಸಿಯಲ್ಲೇ ನಡೆಯುತ್ತದೆ.

ರೈತ: ಯೂರಿಯಾ ಹಾಕಿದ ಹೊಲದಲ್ಲಿ ಗಂಟು ಕಡಿಮೆ. ನೋಡಿದ್ದೀನಿ.

ಮೇಷ್ಟ್ರು: ಕೈಗೆ ಸಿಗುವಾಗ ಗಿಡ ಯಾಕೆ ಸಕ್ಕರೆ ಖರ್ಚು ಮಾಡೀತು? ರೈಜೋಬಿಯಂ ಪೊಟ್ಟಣ ತಂದು ಬೆಲ್ಲದ ನೀರಲ್ಲಿ ಕಲಸಿ ಬೀಜಕ್ಕೆ ಹಚ್ಚಿ ನೆರಳಲ್ಲಿ ಆರಿಸಿ ಬಿತ್ತುತ್ತೀಯಲ್ಲ, ಆಗಲೂ ನೀನು ಹೊಂದಿಸುವುದು ಜಾಗವನ್ನೇ. ಆ ಪೊಟ್ಟಣದ ಹೊಗಳಿಕೆಯಲ್ಲಿ ಅದನ್ನು ಮಿತ್ರಜೀವಿ ಎನ್ನುತ್ತಾರೆ. ಮಿತ್ರತ್ವವೆಲ್ಲ ನಾವು ಅಂಟಿಸಿದ ಚೀಟಿ. ಅದು ತನ್ನ ಹೊಟ್ಟೆಪಾಡು ನೋಡಿಕೊಳ್ಳುತ್ತದೆ.

ರೈತ: ಒಪ್ಪಿದೆ ಬಿಡಿ. ಹಾಗಾದರೆ ಶತ್ರುವೂ ಇಲ್ಲ. ಹೋದ ಸುಗ್ಗಿಯಲ್ಲಿ ಚೀಲದಲ್ಲಿದ್ದ ಶೇಂಗಾಕ್ಕೆ ಹಳದಿಹಸಿರು ಬೂಷ್ಟು ಹತ್ತಿತು. ಅದು ತಾನಾಗಿ ಬಂದದ್ದು, ನಾನೇನೂ ಮಾಡಲಿಲ್ಲ.

ಮೇಷ್ಟ್ರು: ಇದನ್ನೇ ಕೇಳಬೇಕೆಂದಿದ್ದೆ. ಮೊಸರು ಚೆನ್ನಾಗಿ ಹೆಪ್ಪಾದರೆ ನಾವು ಮಾಡಿದ್ದು, ಕಾಯಿಗೆ ಬೂಷ್ಟು ಬಂದರೆ ಅದು ತಾನಾಗಿ ಬಂದದ್ದು. ಲೆಕ್ಕ ಒಂದೇ ಇರಬೇಕಲ್ಲ? ಹದ ಹೊಂದಿಸಿದ್ದಕ್ಕೆ ಮೊಸರು ನಮ್ಮದಾದರೆ, ಹದ ತಪ್ಪಿಸಿದ್ದಕ್ಕೆ ಬೂಷ್ಟೂ ನಮ್ಮದೇ. ಆ ಬೂಷ್ಟು ಬಹುಮಟ್ಟಿಗೆ ಆಸ್ಪರ್ಜಿಲಸ್ ಫ್ಲೇವಸ್. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮೇಲ್ಪಟ್ಟು ಟರ್ಕಿ ಕೋಳಿಗಳು ಒಂದರ ಹಿಂದೊಂದು ಸತ್ತವು. ಹುಡುಕಿದಾಗ ಮೇವಿಗೆ ಬೆರೆಸಿದ್ದ ಬ್ರೆಜಿಲ್‌ನ ಶೇಂಗಾ ಹಿಂಡಿಯಲ್ಲಿ ಈ ಬೂಷ್ಟಿನ ವಿಷ ಸಿಕ್ಕಿತು. ಅಫ್ಲಟಾಕ್ಸಿನ್ ಎಂಬ ಹೆಸರು ಬಂದದ್ದು ಅಲ್ಲಿಂದ. ಯಕೃತ್ತನ್ನು ಕೆಡಿಸುವ ವಿಷ ಅದು, ಕ್ಯಾನ್ಸರ್ ತರಬಲ್ಲದು, ಹುರಿದರೂ ಪೂರ್ತಿ ಹೋಗುವುದಿಲ್ಲ. ಗಿಡದಿಂದ ಬಿಡಿಸಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದಾಗ ಒಳಗೆ ಬೀಜ ಗಲಗಲ ಎನ್ನಬೇಕು. ತೇವ ನೂರಕ್ಕೆ ಎಂಟರ ಆಸುಪಾಸಿಗೆ ಇಳಿದಿದ್ದರೆ ಬೂಷ್ಟಿಗೆ ಅಲ್ಲಿ ಬದುಕಿಲ್ಲ. ಹಸಿ ಕಾಯಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿದ್ದು ಬೂಷ್ಟು ಅಲ್ಲವಲ್ಲ.

ರೈತ: ಚೀಲ ತುಂಬಿದ್ದು ನಾನೇ, ಸರಿ. ಆದರೆ ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ನೆಲದಲ್ಲಿರುವಾಗಲೇ ಆ ಬೂಷ್ಟು ಕಾಯೊಳಗೆ ಸೇರುತ್ತೆ ಅಂತ ಕೃಷಿಯವರೇ ಹೇಳ್ತಾರೆ. ಜಗಳೂರು ಸೀಮೆಯಲ್ಲಿ ಮಳೆ ಕೈಕೊಡದ ವರ್ಷ ಯಾವುದು? ಅದನ್ನೂ ನನ್ನ ತಲೆಗೇ ಕಟ್ಟಿದರೆ ಹೇಗೆ? ಕುರಿಯನ್ನೇ ತಗೊಳ್ಳಿ. ಮುಂಗಾರು ಬಿದ್ದ ಮೇಲೆ ಎಳೆ ಹುಲ್ಲು ಮೇಯ್ದ ಮರಿಗಳು, ಅದರಲ್ಲೂ ಚೆನ್ನಾಗಿ ಮೈದುಂಬಿದವು, ಸಂಜೆ ಸರಿ ಇದ್ದು ಬೆಳಿಗ್ಗೆ ಸತ್ತಿರ್ತಾವೆ. ಕರುಳುಬೇನೆ. ಮಳೆ ನಾನು ತಂದದ್ದಾ? ಹುಲ್ಲು ನಾನು ಹುಟ್ಟಿಸಿದ್ದಾ?

ಮೇಷ್ಟ್ರ ವಾದಕ್ಕೆ ಬಿದ್ದ ಸರಿಯಾದ ಪೆಟ್ಟು ಇದು. ಕರುಳುಬೇನೆಯನ್ನು ತರುವ ಕ್ಲಾಸ್ಟ್ರಿಡಿಯಂ ಆರೋಗ್ಯವಂತ ಕುರಿಯ ಕರುಳಿನಲ್ಲೂ ಕೊಂಚ ಇದ್ದೇ ಇರುತ್ತದೆ. ಎಳೆ ಹುಲ್ಲು, ಕಾಳು ವಿಪರೀತವಾಗಿ ಹೊಟ್ಟೆ ಸೇರಿದಾಗ ಅದು ಒಮ್ಮೆಲೇ ಹೆಚ್ಚಿ ವಿಷ ಬಿಡುತ್ತದೆ. ಅದೇ ಕುರಿಯ ಮೆಲುಕು ಚೀಲದಲ್ಲೋ ಹನಿಹನಿಯಲ್ಲೂ ನೂರಾರು ಕೋಟಿ ಬ್ಯಾಕ್ಟೀರಿಯಾಗಳಿವೆ. ಹುಲ್ಲಿನ ನಾರನ್ನು ಕರಗಿಸುವ ಕಿಣ್ವ ಕುರಿಯ ದೇಹದಲ್ಲಿ ಹುಟ್ಟುವುದೇ ಇಲ್ಲ, ಅದನ್ನು ಒದಗಿಸುವುದು ಅವು. ಅವಿಲ್ಲದಿದ್ದರೆ ಕುರಿಗೆ ಹುಲ್ಲೂ ಒಂದೇ, ಹಗ್ಗವೂ ಒಂದೇ.

ಮೇಷ್ಟ್ರು: ಮಳೆ ನಿನ್ನದಲ್ಲ. ಮುಂಗಾರಿಗೆ ಮೊದಲು ಹಾಕಿಸುವ ಲಸಿಕೆ ನಿನ್ನದು.

ರೈತ: ಲಸಿಕೆ ಬರುವ ಮುಂಚೆ ನಮ್ಮಜ್ಜನ ಕಾಲದಲ್ಲಿ?

ಮೇಷ್ಟ್ರು: ಆಗ ಅವರದಾಗಿರಲಿಲ್ಲ. ತಿಳಿವಳಿಕೆ ಬಂದಷ್ಟು ಹೊಣೆ ಬರುತ್ತದೆ, ಅಷ್ಟೇ ಹೇಳಬಲ್ಲೆ.

ರೈತ: ಹಾಗಾದರೆ ಗೊತ್ತಿಲ್ಲದೆ ಹೆಪ್ಪು ಹಾಕಿದ ನಮ್ಮಜ್ಜಿಯ ಮೊಸರೂ ಅವಳದಲ್ಲ.

ಇದಕ್ಕೆ ಮೇಷ್ಟ್ರು ನೇರ ಉತ್ತರ ಕೊಡಲಿಲ್ಲ. ಬೆರಳು ಅದ್ದಿ ನೋಡುವುದೂ ಒಂದು ತಿಳಿವಳಿಕೆಯೇ ಎಂದು ಮನೆಯಾಕೆ ಹೇಳಿದ ಮಾತು ಬಹುಶಃ ಅವರು ಹುಡುಕುತ್ತಿದ್ದ ಉತ್ತರವೇ ಆಗಿತ್ತು. ಅವರು ಅದನ್ನು ಹಿಡಿಯದೆ ಕಾರ್ಖಾನೆಯ ಕಡೆಗೆ ಹೊರಳಿದರು.

ಮೇಷ್ಟ್ರು: ಕಾರ್ಖಾನೆಯಲ್ಲಿ ಈ ಹೊಂದಿಸುವ ಕೆಲಸ ತುದಿ ಮುಟ್ಟಿದೆ. ಶೇಂಗಾ ಸಸಿಯ ಬುಡ ಕೊಳೆಸುವ ಕಪ್ಪು ಬೂಷ್ಟು ಗೊತ್ತಲ್ಲ, ಆಸ್ಪರ್ಜಿಲಸ್ ನೈಜರ್? ಅದೇ ಜಾತಿಯ ಬೂಷ್ಟನ್ನು ದೊಡ್ಡ ತೊಟ್ಟಿಗಳಲ್ಲಿ ಸಕ್ಕರೆಯ ಮೇಲೆ ಬೆಳೆಸಿ ಸಿಟ್ರಿಕ್ ಆಮ್ಲ ತೆಗೆಯುತ್ತಾರೆ. ಜಾಮು, ಶರಬತ್ತು, ಬಾಟಲಿ ಪಾನೀಯಗಳ ಹುಳಿ ಬಹುಪಾಲು ನಿಂಬೆಯದಲ್ಲ, ಅದರದು. ಕಾಕಂಬಿಯನ್ನು ಯೀಸ್ಟಿಗೆ ತಿನ್ನಿಸಿ ಎಥನಾಲ್ ಮಾಡಿ ಪೆಟ್ರೋಲಿಗೆ ಬೆರೆಸುತ್ತಾರೆ. ಮೊದಲ ಮಳೆಗೆ ಮಣ್ಣಿನಿಂದ ಏಳುವ ವಾಸನೆಗೆ ಕಾರಣವಾದ ಸ್ಟ್ರೆಪ್ಟೋಮೈಸಿಸ್ ಕುಲದ ಒಂದು ಜೀವಿಯಿಂದಲೇ 1943ರಲ್ಲಿ ಅಮೆರಿಕದ ವಾಕ್ಸ್‌ಮನ್ ಪ್ರಯೋಗಾಲಯದಲ್ಲಿ ಸ್ಟ್ರೆಪ್ಟೋಮೈಸಿನ್ ಸಿಕ್ಕಿತು, ಕ್ಷಯಕ್ಕೆ ಮೊದಲ ಸಮರ್ಥ ಔಷಧ. ಬೆಂಗಳೂರಿನ ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಲಿನ್ ಕೂಡ ಜೀನು ತಿದ್ದಿದ ಯೀಸ್ಟಿನಲ್ಲಿ ತಯಾರಾದದ್ದು. ಹೊಲಸು ನೀರಿಗೆ ಗಾಳಿ ಊದಿ ಬ್ಯಾಕ್ಟೀರಿಯಾಗಳಿಂದಲೇ ಕೊಳೆ ತಿನ್ನಿಸುವ ವಿಧಾನ 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ರೂಪುಗೊಂಡಿತು. ಅದಕ್ಕೆ ದಾರಿ ತೋರಿದ ಗಿಲ್ಬರ್ಟ್ ಫೌಲರ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು.

ರೈತ: ನಾವು ಮೆಕ್ಕೆಜೋಳ ಕತ್ತರಿಸಿ, ತುಳಿದು ಗಾಳಿ ತೆಗೆದು ರಸಮೇವು ಮಾಡ್ತೀವಲ್ಲ, ಅದೂ ಇದೇ ಅಲ್ವಾ?

ಮೇಷ್ಟ್ರು: ಮೊಸರಿನ ಬಳಗದ್ದೇ. ಆದರೆ ಕಾರ್ಖಾನೆಗೆ ಬಂದಾಗ ಕೆಲಸ ಯಾರದು ಎಂಬ ಪ್ರಶ್ನೆ ಕೋರ್ಟಿಗೂ ಹೋಯಿತು. ಆನಂದ ಮೋಹನ ಚಕ್ರವರ್ತಿ ಎಂಬ ಬಂಗಾಳಿ ವಿಜ್ಞಾನಿ ಅಮೆರಿಕದಲ್ಲಿ ಕಚ್ಚಾ ತೈಲವನ್ನು ಒಡೆದು ತಿನ್ನುವ ಬ್ಯಾಕ್ಟೀರಿಯಾ ರೂಪಿಸಿದರು. ಅದಕ್ಕೆ ಪೇಟೆಂಟ್ ಕೊಡಬಹುದೆಂದು ಅಲ್ಲಿನ ಸುಪ್ರೀಂ ಕೋರ್ಟು 1980ರಲ್ಲಿ ತೀರ್ಪಿತ್ತಿತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ಪರ, ನಾಲ್ವರು ವಿರುದ್ಧ. ನಮ್ಮ ಪೇಟೆಂಟ್ ಕಾಯ್ದೆಯ 2002ರ ತಿದ್ದುಪಡಿಯೂ ಗಿಡ, ಪ್ರಾಣಿಗಳನ್ನು ಹೊರಗಿಟ್ಟು ಸೂಕ್ಷ್ಮಜೀವಿಗೆ ಮಾತ್ರ ಬಾಗಿಲು ತೆರೆಯಿತು. ನಿಸರ್ಗದಲ್ಲಿ ಇದ್ದದ್ದನ್ನು ಬರೀ ಕಂಡುಹಿಡಿದರೆ ಸಾಲದು, ಮನುಷ್ಯನ ಕೈ ಅದರಲ್ಲಿ ಆಡಿರಬೇಕು.

ರೈತ: ಹೊಂದಿಸಿದವನೇ ಒಡೆಯ ಅಂತಾಯ್ತು. ನಿಮ್ಮ ಮಾತನ್ನೇ ಕಾನೂನೂ ಹೇಳ್ತಾ ಇದೆ.

ಮೇಷ್ಟ್ರು: ಇಲ್ಲ. ನಾನು ಹೇಳಿದ್ದು ಹೊಣೆಯ ಮಾತು, ಕಾನೂನು ಬರೆದದ್ದು ಒಡೆತನ. ತೊಟ್ಟಿಯ ಲಾಭಕ್ಕೆ ಹೆಸರು ಬರೆಸಿಕೊಂಡವರು ತೊಟ್ಟಿಯ ಕೊಳೆಗೂ ಹೆಸರು ಬರೆಸಿಕೊಳ್ಳುತ್ತಾರೆಯೇ?

ರೈತ: ಅದಿರಲಿ. ಯಾರೋ ಬಂದು ನನ್ನ ಹೊಲದ ಮಣ್ಣು ಒಂದು ಬೊಗಸೆ ಒಯ್ದು, ಅದರಲ್ಲಿದ್ದ ಜೀವಿಯನ್ನು ಒಂದಿಷ್ಟು ತಿದ್ದಿ ತಮ್ಮ ಹೆಸರಿಗೆ ಮಾಡಿಕೊಂಡರೆ?

ಮೇಷ್ಟ್ರು: 2002ರಲ್ಲೇ ಬಂದ ಜೀವವೈವಿಧ್ಯ ಕಾಯ್ದೆ ಗಿಡ, ಪ್ರಾಣಿಗಳ ಜೊತೆಗೆ ಸೂಕ್ಷ್ಮಜೀವಿಯನ್ನೂ ಜೈವಿಕ ಸಂಪನ್ಮೂಲ ಎನ್ನುತ್ತದೆ. ಅದರ ಮೇಲೆ ಪೇಟೆಂಟ್ ಬೇಕಾದರೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರವನ್ನು ದಾಟಿ ಹೋಗಲಾಗದು. ಪಂಚಾಯ್ತಿ ಮಟ್ಟದಲ್ಲಿ ಸಮಿತಿ ಇರಬೇಕು, ಊರಿನ ಜೀವಸಂಪತ್ತನ್ನೆಲ್ಲ ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು.

ರೈತ: ಅದರಲ್ಲಿ ನಮ್ಮ ಶೇಂಗಾ ಗಂಟಿನ ಜೀವಿ ಬರೆದಿದ್ದಾರಾ?

ಮೇಷ್ಟ್ರು: ಪಂಚಾಯ್ತಿಗೆ ಹೋಗಿ ದಾಖಲಾತಿ ಕೇಳು. ಬರೆದಿಲ್ಲದಿದ್ದರೆ ಬರೆಸು.

ಮನೆಯಾಕೆ: ಬರೆಯುವಾಗ ಯಾರ ಮನೆಯ ಹೆಪ್ಪು ಅನ್ನೋದನ್ನೂ ಬರೆಸ್ತಾರಾ?