ಡಾಕ್ಟರು ಕೇಳಿದ ಪ್ರಶ್ನೆ

ಜುಲೈ ತಿಂಗಳ ಒಂದು ರಾತ್ರಿ ಹನ್ನೊಂದಕ್ಕೆ ಪರಿಚಯದ ಹುಡುಗನ ಫೋನ್ ಬಂತು. "ಅಣ್ಣಾ, ರೂಮಿನವನಿಗೆ ಮೈ ಸುಡ್ತಾ ಇದೆ. ಏನೇನೋ ಮಾತಾಡ್ತಾನೆ. ಸ್ವಲ್ಪ ಬರ್ತೀರಾ?" ಹೋದೆ. ಎ.ಸಿ. ಓಡುತ್ತಿದ್ದರೂ ಅವನ ಬನಿಯನ್ ಒದ್ದೆಯಾಗಿತ್ತು. ಗೋಡೆಯಾಚೆ ಯಾರೋ ತನಗಾಗಿ ಕಾಯುತ್ತಿದ್ದಾರೆಂದು ನಡುಗುತ್ತಿದ್ದ. ಎರಡು ಗಂಟೆಯಿಂದ ಒದ್ದೆ ಬಟ್ಟೆ, ಮಜ್ಜಿಗೆಯ ಉಪಚಾರ ನಡೆದಿತ್ತು. 999ಗೆ ಯಾಕೆ ಫೋನ್ ಮಾಡಲಿಲ್ಲ ಎಂದೆ. "ಮಾತ್ರೆ ತಗೊಂಡಿದ್ದಾನೆ ಅಣ್ಣಾ, ರಾತ್ರಿ ಪಾಳೀಲಿ ನಿದ್ದೆ ಬರಬಾರದು ಅಂತ. ಗೊತ್ತಾದ್ರೆ ಕೆಲಸ ಹೋಗುತ್ತೆ."

ಆ ಮಾತ್ರೆಯ ಹೆಸರು ಕ್ಯಾಪ್ಟಗನ್. 1960ರ ದಶಕದಲ್ಲಿ ಜರ್ಮನಿಯಲ್ಲಿ ಔಷಧಿಯಾಗಿ ಬಂದದ್ದು. 1986ರಲ್ಲಿ ವಿಶ್ವಸಂಸ್ಥೆಯ ನಿಯಂತ್ರಣ ಪಟ್ಟಿಗೆ ಸೇರಿತು. ಈಗ ಎರಡು ಅರ್ಧಚಂದ್ರದ ಮುದ್ರೆ ಹೊತ್ತು ಕೊಲ್ಲಿ ನಾಡುಗಳಲ್ಲಿ ಕದ್ದು ಮಾರಾಟವಾಗುವುದು ಬಹುಮಟ್ಟಿಗೆ ನಕಲಿ: ಆಂಫೆಟಮಿನ್, ಕೆಫೀನ್, ಜೊತೆಗೆ ಇನ್ನೇನೋ. ಅದು ನಿದ್ದೆ ಓಡಿಸುತ್ತದೆ, ಜೊತೆಗೆ ಹೃದಯವನ್ನೂ ಓಡಿಸುತ್ತದೆ. ರಕ್ತದೊತ್ತಡ ಏರಿ ಪಾರ್ಶ್ವವಾಯು, ಫಿಟ್ಸ್, ಹೃದಯಾಘಾತ ಆಗಬಹುದು. ಮೈ ಕಾವು ಮಿತಿಮೀರಿದರೆ ಸ್ನಾಯು ಕರಗಿ ಮೂತ್ರಪಿಂಡ ಕೆಡುತ್ತದೆ. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಿಸಿಲಿನ ಕೆಲಸವನ್ನೇ ನಿಷೇಧಿಸುವ ಖತಾರ್‌ನಂಥ ನಾಡಿನಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಆಂಬುಲೆನ್ಸ್ ಕರೆಸಿದೆವು. ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು ಒಂದೇ: ಏನು ತಗೊಂಡಿದ್ದಾನೆ? ಹುಡುಗ ನೆಲ ನೋಡಿದ. ನಾನು ಹೇಳಿದೆ. ತಕ್ಷಣ ಉದ್ರೇಕ ಇಳಿಸುವ ಇಂಜೆಕ್ಷನ್, ಮೈ ತಂಪು ಮಾಡುವುದು, ಡ್ರಿಪ್, ಇ.ಸಿ.ಜಿ. ಶುರುವಾಯಿತು. ಮತಿಗೆಟ್ಟವನ ಬಾಯಿಗೆ ಮಜ್ಜಿಗೆ ಹುಯ್ದರೆ ಉಸಿರ್ಗೊಳವೆಗೆ ಇಳಿಯಬಹುದು, ಕಟ್ಟಿಹಾಕಿದರೆ ಕಾವು ಇನ್ನೂ ಏರುತ್ತದೆ ಎಂದು ಆಮೇಲೆ ತಿಳಿಸಿ ಹೇಳಿದರು.

ಅವನು ಬದುಕಿದ. ಕೆಲಸ ಹೋಯಿತು. ಊರಿಗೆ ಮರಳಿದ ಮೇಲೆ ಅವನ ತಾಯಿ ಫೋನಿನಲ್ಲಿ ಕೇಳಿದರು: "ನೀವು ಹೇಳದೇ ಇರೋಕೆ ಆಗ್ತಿರಲಿಲ್ವಾ ಅಪ್ಪಾ?"

ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತೇವೆ. ಆ ತಾಯಿಯ ಪ್ರಶ್ನೆಯೂ ಸಣ್ಣದಲ್ಲ. ಸತ್ಯ ಹೇಳಿದವನು ನಾನು, ಬೆಲೆ ತೆತ್ತವನು ಅವನು. ಇನ್ನೊಬ್ಬರ ದುಡ್ಡಿನಲ್ಲಿ ದಾನ ಮಾಡಿ ಪುಣ್ಯ ಕಟ್ಟಿಕೊಂಡ ಹಾಗಲ್ಲವೇ ಇದು? ಇಲ್ಲಿ 1987ರ ಮಾದಕವಸ್ತು ಕಾನೂನು ಕಠಿಣ. ವೀಸಾ, ಸಾಲ, ತಂಗಿಯ ಮದುವೆ ಎಲ್ಲವೂ ಒಂದೇ ನೌಕರಿಯ ಮೇಲೆ ನಿಂತವನ ಭಯವನ್ನು ಹೇಡಿತನ ಎನ್ನಲಾರೆ.

ಆದರೂ ನನ್ನ ವೃತ್ತಿ ಕಲಿಸಿದ ಒಂದು ಭೇದವಿದೆ. ಮುಂದೆ ತುಂಬಿಕೊಳ್ಳಬಹುದಾದ ನಷ್ಟ ಒಂದು, ಎಂದೂ ತುಂಬದ ನಷ್ಟ ಇನ್ನೊಂದು. ಎರಡನ್ನೂ ಒಂದೇ ಕಾಲಮಿನಲ್ಲಿ ಬರೆದು ತೂಗಲಾಗದು. ಅವನಿಗೆ ಆಗ ತನ್ನ ಹಿತ ಯೋಚಿಸುವ ಬುದ್ಧಿ ನೆಟ್ಟಗಿರಲಿಲ್ಲ. ನಾನು ಸುಮ್ಮನಿದ್ದಿದ್ದರೆ ಅದೂ ಅವನ ಪರವಾಗಿ ನಾನೇ ಮಾಡಿದ ತೀರ್ಮಾನವಾಗುತ್ತಿತ್ತು. ಕಾನೂನಿಗೂ ಈ ವಿವೇಕ ಪೂರ್ತಿ ಅಪರಿಚಿತವಲ್ಲ. ನಮ್ಮ ದೇಶದ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಕೆಲವು ಷರತ್ತಿನ ಮೇಲೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ದೋಹಾದಲ್ಲೂ ವ್ಯಸನಚಿಕಿತ್ಸೆಗೆಂದೇ ನೌಫರ್ ಎಂಬ ಕೇಂದ್ರವಿದೆ.

ಹಾಗಾಗಿ ಡಾಕ್ಟರಿಗೆ ಹೇಳಿದ್ದಕ್ಕೆ ಪಶ್ಚಾತ್ತಾಪವಿಲ್ಲ. ನನ್ನನ್ನು ಕಾಡುವುದು ಬೇರೆ. ಅದಕ್ಕೆ ಎರಡು ತಿಂಗಳ ಹಿಂದೆ ಶುಕ್ರವಾರದ ಊಟದಲ್ಲಿ ಅವನು ಸಿಕ್ಕಿದ್ದ. ಇಳಿದುಹೋದ ಮೈ, ಕೆಂಪು ಕಣ್ಣು, ನಿಲ್ಲದ ಮಾತು. "ಏನಪ್ಪಾ, ಭಾರೀ ಚುರುಕಾಗಿದ್ದೀಯ!" ಎಂದು ಬೆನ್ನು ತಟ್ಟಿ ಕಳಿಸಿದ್ದೆ. ಏನು ತಗೊಳ್ತಿದ್ದೀಯ ಎಂದು ಅಂದೇ ಕೇಳಬಹುದಿತ್ತು. ಆಗ ಆ ಪ್ರಶ್ನೆಗೆ ಯಾರೂ ಅಷ್ಟು ಬೆಲೆ ತೆರಬೇಕಾಗಿರಲಿಲ್ಲ.