ತವಕ್ಕುಲ್ ಮತ್ತು ನೆರೆಯವನ ಒಲೆ

ಕೆಲಸವಿಲ್ಲದ ನೆರೆಯವನಿಗೆ ನಾವು "ಸಬ್ರ್ ಮಾಡಿ, ರಿಝ್ಕ್ ಕೊಡುವವನು ಅಲ್ಲಾಹನು" ಎನ್ನುತ್ತೇವೆ. ಮಾತು ಸತ್ಯ. ಆದರೆ ಹೊಟ್ಟೆ ತುಂಬಿದವನು ಹಸಿದವನಿಗೆ ಅಷ್ಟನ್ನೇ ಹೇಳಿ ಮನೆಗೆ ಹೋಗಬಹುದೇ?

ಶಿಡ್ಲಘಟ್ಟವನ್ನು ನೋಡಿ. ಅಲ್ಲಿನ ಎಷ್ಟೋ ಮುಸ್ಲಿಮ್ ಮನೆಗಳ ಒಲೆ ಉರಿಯುವುದು ರೇಷ್ಮೆ ನೂಲು ಬಿಚ್ಚಾಣಿಕೆಯಿಂದ. ಗೂಡು ಬೇಯುವ ಬಿಸಿನೀರಿನಲ್ಲಿ ದಿನವಿಡೀ ಅದ್ದಿದ ಬೆರಳುಗಳು ಸುಕ್ಕುಗಟ್ಟುತ್ತವೆ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ. 30ರಿಂದ 5ಕ್ಕೆ ಇಳಿಯಿತು, ದರ ಕುಸಿಯಿತು. ಇದರಲ್ಲಿ ಚರಕದ ಮುಂದೆ ಕುಳಿತವನ ಈಮಾನಿನ ಕೊರತೆ ಏನಿತ್ತು? ಅವನನ್ನು ಸೋಮಾರಿ ಎನ್ನುವುದು ಅನ್ಯಾಯ.

ಬೆಳಿಗ್ಗೆ ಹಸಿದು ಹೊರಟು ಸಂಜೆ ಹೊಟ್ಟೆ ತುಂಬಿ ಮರಳುವ ಹಕ್ಕಿಯನ್ನು ಪ್ರವಾದಿ(ಸ)ರು ತವಕ್ಕುಲ್‌ಗೆ ಉದಾಹರಣೆಯಾಗಿ ಕೊಟ್ಟರು. ಹಕ್ಕಿ ಗೂಡಿನಲ್ಲಿ ಕೂರಲಿಲ್ಲ, ನಿಜ. ಹಗ್ಗ ಹಿಡಿದು ಹೋಗಿ ಸೌದೆ ಹೊತ್ತು ತರುವುದು ಬೇಡುವುದಕ್ಕಿಂತ ಮೇಲು ಎಂದೂ ಅವರು ಕಲಿಸಿದರು. ಬಿ.ಎ. ಮುಗಿಸಿದ ಮಗ ಹಮಾಲಿ ಮಾಡಿದರೆ ಮರ್ಯಾದೆ ಹೋಗುತ್ತದೆನ್ನುವ ತಂದೆತಾಯಂದಿರು ಇದನ್ನು ನೆನೆಯಲಿ. ಆದರೆ ಹೊರಟ ಹಕ್ಕಿಗೆ ಕಾಳೇ ಸಿಗದಿದ್ದರೆ? ಆಗ ಪ್ರಶ್ನೆ ಕಾಳಿನ ಮೂಟೆ ಇಟ್ಟುಕೊಂಡವನ ಕಡೆಗೆ ತಿರುಗುತ್ತದೆ.

ಝಕಾತಿನ ಎಂಟು ಹಕ್ಕುದಾರರಲ್ಲಿ ಸಾಲಗಾರನೂ ಒಬ್ಬ (ಅತ್ತೌಬಾ: 60). ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಬೇಕೆಂದು ಅಲ್‌ಬಕರದ 280ನೇ ಸೂಕ್ತ ಆಜ್ಞಾಪಿಸುತ್ತದೆ. ನಾವೋ, ರಮಝಾನಿನಲ್ಲಿ ಬಾಗಿಲಿಗೆ ಬಂದವರಿಗೆ ಚಿಲ್ಲರೆ ಹಂಚಿ ಸುಮ್ಮನಾಗುತ್ತೇವೆ. ಒಂದು ಬೀದಿಯವರು ಆ ಹಣವನ್ನು ಕೂಡಿಸಿದರೆ ಒಬ್ಬ ವಿಧವೆಗೆ ಹೊಲಿಗೆ ಯಂತ್ರ, ಒಬ್ಬ ಬಡ ಯುವಕನಿಗೆ ತಳ್ಳುಗಾಡಿ ಆದೀತು. ನಿಮಗೆ ಅಂಗಡಿಯಿದ್ದರೆ ಈ ರಾತ್ರಿ ಉದ್ರಿ ಪುಸ್ತಕ ತೆರೆದು ನೋಡಿ. ಅಲ್ಲಿ ಯಾರ ಹೆಸರಿದೆ, ಅವರ ಕೆಲಸ ನಿಂತು ಎಷ್ಟು ತಿಂಗಳಾಯಿತು?