ಖಚಿತವಾದದ್ದು ಯಾವುದು?

"ಇರೋ ಕೆಲಸ ಬಿಟ್ಟು ಮುಂದೇನು ಮಾಡ್ತೀಯ?" ಎಂದು ಮನೆಯವರು ಕೇಳುವಾಗ ಆ ಪ್ರಶ್ನೆಯೊಳಗೆ ಒಂದು ಲೆಕ್ಕವಿರುತ್ತದೆ: ಸಂಬಳ ಖಚಿತ, ಮನಸ್ಸೊಪ್ಪುವ ಬದುಕು ಅನಿಶ್ಚಿತ. ಹದಿನೇಳನೆಯ ಶತಮಾನದ ಡಚ್ ತತ್ತ್ವಜ್ಞಾನಿ ಸ್ಪಿನೋಜಾ ಈ ಲೆಕ್ಕವನ್ನೇ ಮತ್ತೆ ಮೊದಲಿನಿಂದ ಹಾಕಿ ನೋಡಿದ.

ಅವನು ಆಮ್‌ಸ್ಟರ್‌ಡ್ಯಾಮಿನ ಯೆಹೂದಿ ವ್ಯಾಪಾರಿಯ ಮಗ. 1654ರಲ್ಲಿ ತಂದೆ ತೀರಿಕೊಂಡ ಮೇಲೆ ತಮ್ಮನ ಜೊತೆ ಸೇರಿ ಮನೆತನದ ವ್ಯಾಪಾರ ನಡೆಸಿದ. ತಂದೆಯ ಕಾಲದ ಸಾಲ ಬೆನ್ನಿಗಿತ್ತು. 1656ರ ಜುಲೈಯಲ್ಲಿ, ಅವನಿಗೆ 23 ವರ್ಷವಾಗಿದ್ದಾಗ, ಸಮುದಾಯ ಅವನಿಗೆ ಬಹಿಷ್ಕಾರ ಹಾಕಿತು. ಹಾಗಾಗಿ ಎಲ್ಲವನ್ನೂ ತಾನಾಗಿಯೇ ತೊರೆದ ವೀರನೆಂದು ಅವನನ್ನು ಕೊಂಡಾಡುವುದು ಸರಿಯಲ್ಲ. ಆದರೆ ಆಮೇಲೆ ಮತ್ತೆ ವ್ಯಾಪಾರದ ಕಡೆ ತಿರುಗದೆ, ದುರ್ಬೀನು, ಸೂಕ್ಷ್ಮದರ್ಶಕಗಳಿಗೆ ಮಸೂರ ಉಜ್ಜಿಕೊಂಡು ಚಿಂತನೆಯಲ್ಲೇ ನೆಲೆ ನಿಂತದ್ದು ಅವನದೇ ಆಯ್ಕೆ.

ಬುದ್ಧಿಯನ್ನು ತಿದ್ದಿಕೊಳ್ಳುವುದು ಹೇಗೆಂದು ಬರೆಯಹೊರಟು ಅವನು ಪೂರ್ತಿ ಮಾಡದೆ ಬಿಟ್ಟ ಕಿರುಗ್ರಂಥವೊಂದಿದೆ. ಅದರ ಮೊದಲ ಪುಟಗಳಲ್ಲಿ ಈ ತೊಳಲಾಟ ಬಿಚ್ಚಿಕೊಳ್ಳುತ್ತದೆ. ಹಣ, ಕೀರ್ತಿ, ಇಂದ್ರಿಯಸುಖ ಇವು ಖಚಿತ. ಇವನ್ನು ಬಿಟ್ಟು ಕಾಣದ ಒಳಿತಿನ ಬೆನ್ನು ಹತ್ತುವುದು ಅವಿವೇಕವೆಂದೇ ಅವನಿಗೂ ಮೊದಲು ಅನ್ನಿಸಿತ್ತು. ಯೋಚಿಸುತ್ತ ಹೋದಂತೆ ಅನಿಶ್ಚಿತತೆಯಲ್ಲೇ ಎರಡು ಬಗೆ ಕಂಡಿತು. ಹಣ, ಕೀರ್ತಿಗಳು ಸ್ವಭಾವತಃ ಅಸ್ಥಿರ. ಸಿಕ್ಕ ಮೇಲೂ ಕೈಜಾರುತ್ತವೆ, ಕೆಲವೊಮ್ಮೆ ಪಡೆದವನ ಪ್ರಾಣವನ್ನೇ ತೆಗೆಯುತ್ತವೆ. ನಿಜವಾದ ಒಳಿತು ಸ್ವಭಾವದಲ್ಲಿ ಸ್ಥಿರ. ಅದು ನಮಗೆ ದಕ್ಕೀತೇ ಎಂಬುದಷ್ಟೇ ಸಂಶಯ. ಮನೆಯವರ ಲೆಕ್ಕ ತಲೆಕೆಳಗಾಗುವುದು ಇಲ್ಲಿ.

ಮೂರರಲ್ಲೂ ಕೀರ್ತಿಯನ್ನು ಅವನು ಹಿಡಿದು ತೋರಿಸುವ ರೀತಿ ನನಗೆ ತುಂಬ ಮುಖ್ಯವೆನಿಸುತ್ತದೆ. ಕೀರ್ತಿ ಬೇಕೆಂದರೆ ಜನ ಬಯಸಿದ್ದನ್ನೇ ಬಯಸಬೇಕು, ಜನ ಬೇಡವೆಂದದ್ದನ್ನು ಬಿಡಬೇಕು. ಕೆಲಸ ಬಿಟ್ಟು ಹೊರಬಂದವರು ಹೊಸ ದಾರಿಯಲ್ಲೂ ಚಪ್ಪಾಳೆಗೇ ಕಾದರೆ, ಅವರು ಹಳೆಯ ಜಾಗದಿಂದ ಕದಲಿಯೇ ಇಲ್ಲ. 1673ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪದವಿ ತಾನಾಗಿ ಬಂದಾಗ ಸ್ಪಿನೋಜಾ ಬೇಡವೆಂದ. ಸ್ಥಾಪಿತ ಧರ್ಮವನ್ನು ಕದಡಬಾರದೆಂಬ ಷರತ್ತು ಅದರ ಜೊತೆಗಿತ್ತು.

ಮನಸ್ಸು ಒಂದೇ ಏಟಿಗೆ ಬದಲಾಗುವುದಿಲ್ಲ ಎಂಬುದನ್ನೂ ಅವನು ಮುಚ್ಚಿಡುವುದಿಲ್ಲ. ಇದೆಲ್ಲ ತಿಳಿದ ಮೇಲೂ ಆಸೆಗಳು ಬಿಡಲಿಲ್ಲ. ಆದರೆ ಯೋಚನೆಯಲ್ಲಿ ಮುಳುಗಿದ್ದಷ್ಟು ಹೊತ್ತು ಅವು ದೂರವಿದ್ದವು. ಮೊದಮೊದಲು ಅಂಥ ಹೊತ್ತು ಅಪರೂಪ, ಅದೂ ಗಳಿಗೆಯಷ್ಟು. ಬರಬರುತ್ತ ಪದೇಪದೇ ಬಂತು, ಹೆಚ್ಚು ಕಾಲ ನಿಂತಿತು. ನೌಕರಿಯಲ್ಲಿದ್ದುಕೊಂಡೇ ಈ ಪರೀಕ್ಷೆ ಮಾಡಿಕೊಳ್ಳಬಹುದು. ರಾಜೀನಾಮೆ ಪತ್ರಕ್ಕಿಂತ ಇದೇ ಮೊದಲಾಗಬೇಕೆಂದು ನಾನು ನಂಬುತ್ತೇನೆ.

ಹಾಗೆಂದು ಹಣ ಕೆಟ್ಟದ್ದೆಂದು ಅವನು ಹೇಳಲಿಲ್ಲ. ಅದೇ ಗುರಿಯಾದರೆ ಅಡ್ಡಿ, ಸಾಧನವಾಗಿ ಮಿತಿಯಲ್ಲಿದ್ದರೆ ಸಹಾಯ. ಗೆಳೆಯ ಸೈಮನ್ ಡಿ ವ್ರೀಸ್ ಸತ್ತ ಮೇಲೆ ಅವನ ಇಚ್ಛೆಯಂತೆ ವರ್ಷಕ್ಕೆ 500 ಗಿಲ್ಡರ್ ಕೊಡಲು ಮನೆಯವರು ಮುಂದಾದರು. ಜೀವನಚರಿತ್ರೆಕಾರ ಕೊಲೇರಸ್ ಹೇಳುವಂತೆ, ಸ್ಪಿನೋಜಾ ಅಷ್ಟು ಬೇಡವೆಂದು 300ಕ್ಕೆ ಇಳಿಸಿ ತೆಗೆದುಕೊಂಡ.